ಸೆಲ್ ತಗದ್ರೇನ್ರಿ, ರಾಯರ?

ಉಗ್ರಾಣದ ಕೆಲಸವೆಂದರೆ ಬೀಗ ಹಾಕುವುದು, ಬೀಗ ತೆಗೆಯುವುದು, ಅಷ್ಟೇ ಎಂದುಕೊಂಡು ಬರುವ ತರುಣರಿಗೆ ನಾನು ಮೊದಲು ಹೇಳುವುದು ಇದು: ಬೀಗದೊಳಗೆ ಇಟ್ಟ ಸಾಮಾನು ಸುಮ್ಮನೆ ಕೂತಿರುವುದಿಲ್ಲ. ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ, ಕಾಗದಕ್ಕೆ ಗೆದ್ದಲು ಹತ್ತುತ್ತದೆ, ಹಗ್ಗ ತನ್ನಷ್ಟಕ್ಕೆ ತಾನೇ ಜೀರ್ಣವಾಗುತ್ತದೆ. ಇವೆಲ್ಲಕ್ಕಿಂತ ಮೋಸದ ಸಾಮಾನೆಂದರೆ ಬ್ಯಾಟರಿ. ಹೊರಗಿನಿಂದ ನೋಡಿದರೆ ಫಳಫಳ ಹೊಳೆಯುತ್ತಿರುತ್ತದೆ, ಒಳಗೆ ಜೀವ ಹೋಗಿ ತಿಂಗಳುಗಳಾಗಿರುತ್ತವೆ. ನಮ್ಮ ಕಡೆ ಟಾರ್ಚಿಗೇ ಬ್ಯಾಟರಿ ಎನ್ನುತ್ತೇವೆ, ಒಳಗೆ ತುಂಬುವುದಕ್ಕೆ ಸೆಲ್ಲು ಎನ್ನುತ್ತೇವೆ. ಮೂರು ಬ್ಯಾಟರಿ ಮತ್ತು ಒಂಬತ್ತು ಸೆಲ್ಲು ನನಗೆ ಕಲಿಸಿದ ಪಾಠವನ್ನು ಬೇರೆ ಯಾವ ಸಾಹೇಬನೂ ಕಲಿಸಲಿಲ್ಲ.

ಯಾವಾಗ ಯಾವ ದರ್ಜೆಗೆ ಏರಿದೆ ಎಂಬುದು ನನ್ನ ಹೆಂಡತಿಗೂ ನೆನಪಿಲ್ಲ, ಅದನ್ನು ಬಿಡಿ. ಶಿಗ್ಗಾಂವಿ, ಹಾನಗಲ್ಲ, ಹಿರೇಕೆರೂರು, ಈ ಮೂರು ಕಚೇರಿಗಳ ಉಗ್ರಾಣಗಳಲ್ಲಿ ನನ್ನ ಹರೆಯ ಕಳೆಯಿತು. ಹಣೆಗೆ ಅಂಗಾರ ಅಕ್ಷತೆ ಹಚ್ಚಿಕೊಂಡು ಹೋಗುತ್ತಿದ್ದುದರಿಂದ ಎಲ್ಲರಿಗೂ ನಾನು 'ರಾಯರು'. ಒಂದು ಸುತ್ತಿಗೆ ತನ್ನ ಮೊಳೆ ಬಿಟ್ಟು ಪಕ್ಕದ ಮೊಳೆಗೆ ತೂಗಿದರೂ ಕೂಗಾಡುವ ಸ್ವಭಾವ ನನ್ನದು. 'ರಾಯರ ಉಗ್ರಾಣದಾಗ ಇಲಿನೂ ಚಪ್ಪಲಿ ಬಿಟ್ಟು ಹೋಗತೈತಿ' ಎಂದು ಹಿಂದಿನಿಂದ ನಗುತ್ತಿದ್ದರಂತೆ. ನಗಲಿ.

ಮೂರು ಸೆಲ್ಲಿನ ಉದ್ದನೆಯ ಮೂರು ಬ್ಯಾಟರಿ ಬಂದಾಗ ನಾನು ಶಿಗ್ಗಾಂವಿಯಲ್ಲಿದ್ದೆ. ಎರಡನೇ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ಬೆಳ್ಳಿಯ ಹಾಗೆ ಹೊಳೆಯುತ್ತಿದ್ದ ಅವನ್ನು ನೋಡಲು ಕಚೇರಿಗೆ ಕಚೇರಿಯೇ ನೆರೆಯಿತು. ನಾಲ್ಕು ತಿಂಗಳಲ್ಲಿ ಉಗ್ರಾಣದ ಸಾಮಾನು ಸಮೇತ ನನಗೆ ಹಾನಗಲ್ಲಿಗೆ ವರ್ಗವಾಯಿತು. ದಫ್ತರದ ಗಂಟು, ಟ್ರಂಕು, ಬ್ಯಾಟರಿ, ಎಲ್ಲವನ್ನೂ ಚಕ್ಕಡಿಗೆ ಹೇರಿಸಿ, ಬ್ಯಾಟರಿಗಳಿಗೆ ಪೆಟ್ಟಾಗದಿರಲಿ ಎಂದು ನಾನೇ ಮುತುವರ್ಜಿಯಿಂದ ದಫ್ತರದ ಗಂಟುಗಳ ನಡುವೆ ತುರುಕಿದೆ. ಹಾನಗಲ್ಲಿನಲ್ಲಿ ಗಂಟು ಬಿಚ್ಚಿದರೆ ಒಂದು ಬ್ಯಾಟರಿ ಮಿಣಮಿಣ ಎನ್ನುತ್ತಿತ್ತು, ಎರಡು ಸತ್ತೇ ಹೋಗಿದ್ದವು. ಚಕ್ಕಡಿಯ ಕುಲುಕಾಟಕ್ಕೆ ಹಚ್ಚುವ ಗುಂಡಿ ಸರಿದು, ದಾರಿಯುದ್ದಕ್ಕೂ ಗಂಟಿನೊಳಗೆ ಉರಿದಿದ್ದವು.

ಅಲ್ಲಿನ ಹಿರಿಯ ಕಾರಕೂನರು ಕನ್ನಡಕ ಮೇಲಕ್ಕೇರಿಸಿ ಕೇಳಿದರು: "ಏನ್ರೀ ರಾಯರ, ಕಾಗದಕ್ಕ ದಾರಿ ತೋರಸ್ಕೋತ ಬಂದೀರೇನು?"

ಇಡೀ ಕಚೇರಿ ಗೊಳ್ಳೆಂದಿತು. ನನಗೆ ಮೈಯೆಲ್ಲ ಉರಿಯಿತು. ಅಂದಿನಿಂದ ನನ್ನ ಮೊದಲ ಕಟ್ಟಳೆ: ಪ್ರಯಾಣಕ್ಕೆ ಹೊರಟ ಬ್ಯಾಟರಿಯ ಹೊಟ್ಟೆಯಲ್ಲಿ ಸೆಲ್ಲು ಇರಬಾರದು.

ಸೆಲ್ಲು ಹೊರಗೆ ತೆಗೆದು ತಗಡಿನ ಡಬ್ಬಿಯಲ್ಲಿಟ್ಟೆ. ಅದೇ ಡಬ್ಬಿಗೆ ಉಗ್ರಾಣದ ಬೀಗದ ಕೈಗಳ ಗೊಂಚಲನ್ನೂ ಹಾಕಿದೆ. ಆಗ ನನ್ನ ಹತ್ತಿರ ಮೌಲಾಸಾಬ್ ಎಂಬ ಪಟ್ಟೇವಾಲಾ, ಅಂದರೆ ಜವಾನ, ಇದ್ದ. ಸವಣೂರಿನವನು, ಎಲೆಬಳ್ಳಿಯ ತೋಟದವರ ಮನೆತನ, ನನಗಿಂತ ಹತ್ತು ವರ್ಷಕ್ಕೆ ಹಿರಿಯ. ಅವನು ಡಬ್ಬಿ ಎತ್ತಿದವನೇ ಕೆಳಗಿಟ್ಟು, "ರಾಯರ, ಡಬ್ಬಿಗೆ ಜ್ವರ ಬಂದೈತ್ರಿ," ಎಂದ. ಮುಟ್ಟಿ ನೋಡಿದರೆ ಹೌದು, ಬೆಚ್ಚಗಿತ್ತು. ಕಬ್ಬಿಣದ ಕೈಗಳು ಸೆಲ್ಲಿನ ತಲೆಗೂ ಬುಡಕ್ಕೂ ತಾಗಿ ಒಳಗಿನ ಶಕ್ತಿಯನ್ನೆಲ್ಲ ಹೀರುತ್ತಿದ್ದವು.

ಹಾನಗಲ್ಲಿನ ಮಳೆಗಾಲ ಇನ್ನೊಂದು ಪಾಠ ಕಲಿಸಿತು. ಭತ್ತದ ಸೀಮೆ, ಗೋಡೆಗಳೂ ಬೆವರುವ ಊರು. ಸೆಲ್ಲಿನ ಮೈಮೇಲೆ ಬಿಳಿ ಬೂದಿ ಬರುತ್ತಿತ್ತು, ಹೊದಿಕೆ ಮೆತ್ತಗಾಗಿ ಅಂಟು ಒಸರುತ್ತಿತ್ತು. ನಾನು ಜಾಣತನ ಮಾಡಿ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂಪಾಗಿಡಲು ಹೋದೆ. ಮೌಲಾಸಾಬ್ ಹಣೆ ಹಣೆ ಬಡಿದುಕೊಂಡ.

"ಅಲ್ರೀ ರಾಯರ, ವೀಳ್ಯದೆಲಿ ಇಟ್ಟಂಗ ಇಡಾಕತ್ತೀರಲ್ಲ! ಎಲಿಗೆ ಥಂಡಿ ಬೇಕು. ಇದಕ್ಕ ಥಂಡಿ ಮುಟ್ಟಿದ್ರ ಸಾಯತೈತಿ. ಬೀಜ ಇಟ್ಟಂಗ ಇಡ್ರಿ."

ಅವನೇ ಕುಂಬಾರರ ಓಣಿಯಿಂದ ಬಾಯಿ ಕಿರಿದಾದ ಗಡಿಗೆ ತಂದ. ಅದರ ತಳಕ್ಕೆ ಹುರಿದು ಆರಿಸಿದ ಮರಳು ಹಾಕಿದೆವು. ಒಂದೊಂದು ಸೆಲ್ಲನ್ನೂ ಒಣ ಕಾಗದದಲ್ಲಿ ಸುತ್ತಿ, ಒಂದಕ್ಕೊಂದು ತಾಗದಂತೆ ಮರಳಿನಲ್ಲಿ ನೆಟ್ಟಗೆ ನಿಲ್ಲಿಸಿದೆವು. ಬಾಯಿಗೆ ಅರಿವೆ ಕಟ್ಟಿ ಮೇಣ ಬಳಿದು, ಬಿಸಿಲು ಬೀಳದ, ನೆಲದ ಹಸಿ ಏರದ ಮೂಲೆಯಲ್ಲಿ ಮಣೆಯ ಮೇಲೆ ಇಟ್ಟೆವು. ಆರು ತಿಂಗಳ ಮೇಲೆ ತೆಗೆದರೆ ಗೋಡೆಯ ಮೇಲೆ ಬೆಳಕು ಬೆಣ್ಣೆಯ ಉಂಡೆಯ ಹಾಗೆ ಬಿತ್ತು. ನಾವಿಬ್ಬರೂ ಚಿಕ್ಕ ಮಕ್ಕಳಂತೆ ಕುಣಿದೆವು.

ಆಮೇಲೆ ಬಂದ ಒಬ್ಬ ಸಾಹೇಬರಿಗೆ ಶಿಸ್ತಿನ ಹುಚ್ಚು. ಪ್ರತಿ ಸೋಮವಾರ ಬ್ಯಾಟರಿ ಹಚ್ಚಿ ತೋರಿಸಬೇಕು. ತೋರಿಸುವುದು ಒಂದು ನಿಮಿಷದ ಮಾತಲ್ಲ. ಅವರು ಮೀಸೆ ತೀಡುತ್ತ, ಬೆಳಕಿನ ದುಂಡು ಸರಿಯಿದೆಯೇ ನೋಡುತ್ತ, ಚಹ ಕುಡಿದು ಮುಗಿಸುವವರೆಗೂ ಉರಿಯುತ್ತಲೇ ಇರಬೇಕು. ಮಳೆಗಾಲ ಮುಗಿಯುವ ಮೊದಲೇ ಹೊಸ ಸೆಲ್ಲುಗಳು ಪರೀಕ್ಷೆಯಲ್ಲೇ ತೀರಿದವು. ಅದರಿಂದ ನಾನು ಕಲಿತದ್ದು, ಇಟ್ಟದ್ದನ್ನು ಪದೇ ಪದೇ ಎಬ್ಬಿಸಬಾರದು ಎಂದು. ಕಲಿತದ್ದು ಸರಿಯಾಗಿಯೇ ಇತ್ತು. ಆದರೆ ಸರಿಯಾಗಿ ಕಲಿತ ಪಾಠವೂ ಒಂದು ದಿನ ಮನುಷ್ಯನ ಕುತ್ತಿಗೆಗೆ ಬರುತ್ತದೆ.

ಯುದ್ಧ ಹತ್ತಿತು. ಬ್ಯಾಟರಿಗಳ ಜೊತೆಗೇ ನಾನು ಹಿರೇಕೆರೂರಿಗೆ ಬಂದೆ, ಮೌಲಾಸಾಬನೂ ನನ್ನ ಹಿಂದೆಯೇ ವರ್ಗ ಮಾಡಿಸಿಕೊಂಡು ಬಂದ. ಸೆಲ್ಲು ಎಂಬುದು ಪೇಟೆಯಿಂದ ಮಾಯವಾಯಿತು. ಬಂದದ್ದೆಲ್ಲ ದಂಡಿಗೆ. ನಮ್ಮ ಪಾಲಿಗೆ ಉಳಿದದ್ದು ಒಂಬತ್ತೇ ಒಂಬತ್ತು. ಆಗಲೇ ನಮ್ಮ ಕಚೇರಿಗೆ ಕಾಳು ವಸೂಲಿಯ ಕೆಲಸ ಬಂತು. ರೈತರು ಜೋಳವನ್ನು ಹಗೇವಿನಲ್ಲಿ ಇಡುತ್ತಿದ್ದರು. ನೋಡಿರದವರಿಗೆ ಹೇಳುತ್ತೇನೆ: ಹಗೇವು ಎಂದರೆ ನೆಲದೊಳಗಿನ ಕಣಜ. ಬಾಯಿ ಒಬ್ಬ ಮನುಷ್ಯ ನುಸುಳುವಷ್ಟು, ಒಳಗೆ ಎರಡಾಳು ಆಳ, ಹೊಟ್ಟೆ ಮಾತ್ರ ಒಂದು ಕೋಣೆಯಷ್ಟು ಅಗಲ. ಹಟ್ಟಹಗಲಲ್ಲೂ ಒಳಗೆ ಕಣ್ಣಿಗೆ ಕಣ್ಣು ಕಾಣದು. ಕಾಳು ಕೆಟ್ಟರೆ ಒಳಗಿನ ಗಾಳಿಯೂ ಕೆಡುತ್ತದೆ. ಬಾಯಿ ತೆರೆದು ಒಂದು ದಿನ ಬಿಟ್ಟು, ಕಂದೀಲು ಇಳಿಬಿಟ್ಟು, ಅದು ಉರಿದರೆ ಮಾತ್ರ ಇಳಿಯುವುದು. ಕಂದೀಲು ನಂದಿದರೆ ಇಳಿಯುವ ಮಾತೇ ಇಲ್ಲ. ಬ್ಯಾಟರಿಗೆ ಗಾಳಿಯ ಹಂಗಿಲ್ಲ, ಕೆಟ್ಟ ಗಾಳಿಯಲ್ಲೂ ಉರಿಯುತ್ತದೆ. ಒಳಗೆ ಯಾರಿಗಾದರೂ ಅಪಾಯವಾದರೆ ಹುಡುಕಲು ಇರಲಿ ಎಂದೇ ಅವನ್ನು ನಮ್ಮ ಹತ್ತಿರ ಉಳಿಸಿದ್ದು.

ಹಗೇವು ತೆರೆಸುವುದು ಬೇಸಿಗೆಯಲ್ಲಿ. ಉಳಿದ ಕಾಲವೆಲ್ಲ ಬ್ಯಾಟರಿ ಟ್ರಂಕಿನಲ್ಲಿ, ಸೆಲ್ಲು ಗಡಿಗೆಯಲ್ಲಿ. ಟ್ರಂಕಿನ ಮೇಲೆ ನನ್ನ ಮುತ್ತಿನಂಥ ಅಕ್ಷರದಲ್ಲಿ ಚೀಟಿ ಅಂಟಿಸಿದ್ದೆ: 'ಸೆಲ್ಲು ಬೇರೆ ಇಟ್ಟಿದೆ.'

ಆ ವರ್ಷದ ಖಂಡೆ ಪೂಜೆ, ಅಂದರೆ ಆಯುಧಪೂಜೆ. ಕಚೇರಿಯ ಗುದ್ದಲಿ, ಹಾರೆ, ತಕ್ಕಡಿ, ಅಳತೆಯ ಸೇರು, ಎಲ್ಲವನ್ನೂ ತೊಳೆದು ಸಾಲಾಗಿ ಇಟ್ಟಿದ್ದೆವು. ಬ್ಯಾಟರಿಗಳನ್ನೂ ಇಟ್ಟೆ. ಕೈಗೆತ್ತಿಕೊಂಡರೆ ಹಗುರ, ಪೊಳ್ಳು. ನನ್ನ ಮನಸ್ಸು ಒಪ್ಪಲಿಲ್ಲ. ನಮ್ಮ ಮನೆಯಲ್ಲಿ ಖಾಲಿ ಕೊಡಕ್ಕೂ ಕುಂಕುಮ ಹಚ್ಚುವುದಿಲ್ಲ, ಒಂದು ಹನಿ ನೀರಾದರೂ ಹಾಕಿಯೇ ಹಚ್ಚುತ್ತೇವೆ.

"ಮೌಲಾ, ಸೆಲ್ ತುಂಬೂಣು. ಖಾಲಿ ಹೊಟ್ಟೀಲೆ ಪೂಜಾ ಮಾಡಬಾರದು," ಎಂದೆ.

"ಯಾಕ ಬಿಡ್ರಿ ರಾಯರ. ಮಲಕೊಂಡಾವು, ಮಲಕೊಳ್ಳಲಿ."

"ನಿನಗ ತಿಳೀದು, ಸುಮ್ಮನಿರು."

ಗಡಿಗೆ ಬಿಚ್ಚಿ ಒಂಬತ್ತೂ ತುಂಬಿದೆ. ಅರಿಷಿಣ, ಕುಂಕುಮ ಕಲಸಿ ಗುಂಡಿಯ ಮೇಲೇ ದೊಡ್ಡ ಬೊಟ್ಟು ಇಟ್ಟೆ. ಮಂಗಳಾರತಿ ಹೊತ್ತಿಗೆ ಮೂರನ್ನೂ ಹಚ್ಚಿದೆ. ದೇವರ ಮೇಲೆ ಮೂರು ಬೆಳಕು ಬಿದ್ದಾಗ ಎಲ್ಲರೂ ವಾಹ್ ಎಂದರು. ಆಮೇಲೆ ಆರಿಸಿದೆ. ಸುತ್ತಲೂ ಬಿಸಿಲಿತ್ತು, ಆರಿತು ಎಂದುಕೊಂಡೆ. ಒದ್ದೆ ಕುಂಕುಮ ಗುಂಡಿಯ ಸಂದಿಗೆ ಇಳಿದು, ಅದನ್ನು ಅರ್ಧಕ್ಕೇ ಹಿಡಿದು ನಿಲ್ಲಿಸಿದ್ದು ನನಗೆ ಗೊತ್ತಾಗಲಿಲ್ಲ.

"ಸೆಲ್ ತಗದ ಇಡ್ಲೇನ್ರಿ?" ಎಂದು ಮೌಲಾಸಾಬ್ ಕೇಳಿದ.

"ಪೂಜಾ ಮಾಡಿದ್ದನ್ನ ಬನ್ನಿ ಮುಡಿಯೂ ತನಕ ಮುಟ್ಟಬಾರದೋ!" ಎಂದು ಗದರಿದೆ. ತೆರೆದಿಟ್ಟ ಗಡಿಗೆಗೆ ಥಂಡಿ ಹೊಕ್ಕೀತೆಂದು ನಾನೇ ಅದರ ಬಾಯಿ ಕಟ್ಟಿ, ಮೇಣ ಬಳಿದು ಮೂಲೆಗಿಟ್ಟೆ. ಬನ್ನಿ ಹಬ್ಬವಾಯಿತು. ಎಲ್ಲರೂ ಬನ್ನಿ ಕೊಟ್ಟು ಬಂಗಾರದಂಗ ಇರೂಣು ಎಂದೆವು. ಮರುದಿನ ಪೂಜೆಯ ಸಾಮಾನು ಎತ್ತಿಡುವಾಗ ಬ್ಯಾಟರಿಗಳು ಹಾಗೆಯೇ ಟ್ರಂಕಿಗೆ ಹೋದವು. ಮೇಣ ಹಚ್ಚಿದ ಗಡಿಗೆ ಕಣ್ಣ ಮುಂದೆ ಇತ್ತಲ್ಲ, ಸೆಲ್ಲು ಅದರಲ್ಲೇ ಇದೆ ಎಂದು ನನ್ನ ಬುದ್ಧಿ ಹೇಳಿತು. ಆರು ತಿಂಗಳು ಆ ಗಡಿಗೆಯನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದೆ. ಬಿಸಿಲು ಬಂದರೆ ಸರಿಸಿದೆ, ಇರುವೆ ಬಂದರೆ ಓಡಿಸಿದೆ. ಒಳಗೆ ಇದ್ದದ್ದು ಮರಳು.

ಬೇಸಿಗೆ ಬಂತು. ಹಿರೇಕೆರೂರಿನಿಂದ ಎರಡು ಹರದಾರಿ ದೂರದ ಒಂದು ಹಳ್ಳಿಯಲ್ಲಿ ದೊಡ್ಡ ಹಗೇವು ತೆರೆಸುವುದಿತ್ತು. ಹಿಂದಿನ ದಿನವೇ ಬಾಯಿಯ ಕಲ್ಲು ತೆಗೆಸಿದ್ದರು. ಹೊಸದಾಗಿ ಬಂದಿದ್ದ ಸಾಹೇಬರು ಬೆಳಗ್ಗೆಯೇ ಅವಸರ ಹಚ್ಚಿದರು. ಟ್ರಂಕು, ಗಡಿಗೆ ಎರಡನ್ನೂ ಚಕ್ಕಡಿಯಲ್ಲಿಟ್ಟುಕೊಂಡು ನಾನು, ಮೌಲಾಸಾಬ್ ಹೊರಟೆವು. ಪ್ರಯಾಣದಲ್ಲಿ ಸೆಲ್ಲು ತುಂಬಬಾರದು, ಪದೇ ಪದೇ ಪರೀಕ್ಷೆ ಮಾಡಬಾರದು. ನನ್ನ ಕಟ್ಟಳೆಗಳನ್ನೆಲ್ಲ ನಾನು ಚಾಚೂ ತಪ್ಪದೆ ಪಾಲಿಸಿದ್ದೆ.

ಹಗೇವು ಇಳಿಯುವವನು ದ್ಯಾಮಣ್ಣ. ಸಣಕಲ ಮೈ, ಮೂವತ್ತೈದರ ಪ್ರಾಯ, ಆ ಸುತ್ತಿನಲ್ಲಿ ಅವನಷ್ಟು ಹಗೇವು ಇಳಿದವರಿರಲಿಲ್ಲ. ಅವನ ತಮ್ಮ ಬಸಣ್ಣ ಮೇಲೆ ಹಗ್ಗ ಹಿಡಿಯುವವನು. ಕಂದೀಲು ಇಳಿಬಿಟ್ಟರು. ತಳ ಮುಟ್ಟಿದರೂ ಚೆನ್ನಾಗಿಯೇ ಉರಿಯಿತು.

"ಉರಿಯಾಕತ್ತೈತ್ರಿ. ಇಳೀತೇನಿ," ಎಂದ ದ್ಯಾಮಣ್ಣ.

"ರಾಯರ, ಅವಂಗ ಒಂದು ಬ್ಯಾಟರಿನೂ ಕೊಟ್ಟಬಿಡ್ರಿ," ಎಂದರು ಸಾಹೇಬರು.

ಅದಕ್ಕೆ ನಾನು ಅಂದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ. "ಕಂದೀಲ ಅದಲ್ರೀ ಸಾಹೇಬ್ರ. ಸೆಲ್ ಸುಮ್ಮನ ಯಾಕ ಕಳೀಬೇಕು?"

ದ್ಯಾಮಣ್ಣ ನಕ್ಕ. "ಇರಲಿ ಬಿಡ್ರಿ, ರಾಯರ ಮಗಳು ಅದು, ನೆಲಕ್ಕ ಇಳಸಂಗಿಲ್ಲ," ಎಂದು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ, ತಳದಲ್ಲಿ ಕೆಲಸಕ್ಕೆ ಅಡ್ಡಿಯೆಂದು ಅದನ್ನು ಬಿಚ್ಚಿಬಿಟ್ಟ. ಒಳಗಿನಿಂದ ಅವನ ಮಾತು ಗುಂಯ್ ಎಂದು ಕೇಳುತ್ತಿತ್ತು. ಮೇಲಿನ ಕಾಳು ಚೆನ್ನಾಗಿದೆ ಎಂದ. ಗೋಡೆಯ ಕಡೆ ಹಸಿ ಹಿಡಿದಂತಿದೆ, ಕೆದರಿ ನೋಡುತ್ತೇನೆ ಎಂದ. ಸನಿಕೆಯ ಸಪ್ಪಳ ಕೇಳಿತು. ಹುಳಿ ಹುಳಿಯಾದ ಒಂದು ನಾತ ಮೇಲೆ ಬಂತು. ಬಾಯೊಳಗೆ ಕಾಣುತ್ತಿದ್ದ ಕಂದೀಲಿನ ಬೆಳಕು ನೀಲಿಗಟ್ಟಿತು, ಕುಗ್ಗಿತು, ಹೋಯಿತು. ಸನಿಕೆಯ ಸಪ್ಪಳವೂ ನಿಂತಿತು.

"ಅಣ್ಣಾ!" ಎಂದು ಬಸಣ್ಣ ಕೂಗಿದ. "ಏ ಅಣ್ಣಾ! ಓ ಅನ್ನೋ!"

ಒಳಗಿನಿಂದ ಬಂದದ್ದು ಅವನ ಕೂಗೇ. ಇನ್ನೊಂದು ಕಂದೀಲು ಇಳಿಬಿಟ್ಟರು. ಒಂದು ಮೊಳ ಇಳಿಯುವಷ್ಟರಲ್ಲಿ ಪುಸಕ್ಕನೆ ನಂದಿತು.

"ಬ್ಯಾಟರಿ ಅದ! ನನ್ನ ಹತ್ರ ಬ್ಯಾಟರಿ ಅದ! ಸರೀರಿ, ಎಲ್ಲಾರೂ ಸರೀರಿ!" ಎಂದು ನಾನು ಕೂಗುತ್ತ ಗಡಿಗೆಯ ಮೇಣ ಒಡೆದೆ, ಅರಿವೆ ಕಿತ್ತೆ, ಕೈ ಹಾಕಿದೆ. ಮರಳು. ಮೊಣಕೈವರೆಗೆ ಹಾಕಿ ಕಲಕಿದೆ. ಗಡಿಗೆಯನ್ನೇ ಬೋರಲು ಹಾಕಿದೆ. ಮರಳು ಸುರಿಯಿತು, ಅದರ ಹಿಂದೆ ಏನೂ ಬರಲಿಲ್ಲ.

ಮೌಲಾಸಾಬ್ ಹತ್ತಿರ ಬಂದು ಮೆಲ್ಲಗೆ, "ರಾಯರ... ಖಂಡೆ ಪೂಜಾ," ಎಂದ. ಅಷ್ಟೇ.

ಟ್ರಂಕು ತೆರೆದೆ. ಬ್ಯಾಟರಿಗಳ ಗುಂಡಿಯ ಮೇಲೆ ನಾನು ಹಚ್ಚಿದ ಕುಂಕುಮ ಒಣಗಿ ಕೆಂಪಗೆ ಕೂತಿತ್ತು. ಗುಂಡಿ ಅರ್ಧದಲ್ಲಿ ನಿಂತಿತ್ತು. ಮೊದಲನೆಯದನ್ನು ಒತ್ತಿದೆ, ಇಲ್ಲ. ಎರಡನೆಯದು, ಇಲ್ಲ. ಮೂರನೆಯದರ ಬಲ್ಬಿನ ಎಳೆ ಊದುಬತ್ತಿಯ ತುದಿಯಷ್ಟು ಕೆಂಪಾಗಿ, ನಾನು ನೋಡುತ್ತಿದ್ದಂತೆಯೇ ಕಪ್ಪಾಯಿತು. ಮುಚ್ಚಳ ತಿರುವಿದರೆ ತಿರುಗದು. ಒಳಗಿನ ಸೆಲ್ಲು ಸೋರಿ, ಉಬ್ಬಿ, ಬಿಳಿಯ ಗಾರೆಯಂತೆ ಅಂಟಿಕೊಂಡಿದ್ದವು. ಅಯ್ಯೋ ನನ್ನ ಪಾಪವೇ!

ಬಸಣ್ಣ ಕಾಯಲಿಲ್ಲ. ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ಒದ್ದೆ ವಲ್ಲಿಯನ್ನು ಮೂಗಿಗೆ ಕಟ್ಟಿ, ಉಸಿರು ಹಿಡಿದು ಇಳಿದೇಬಿಟ್ಟ. ನಾವು ಮನಸ್ಸಿನಲ್ಲಿ ಎಣಿಸುತ್ತ ನಿಂತೆವು. ಹಗ್ಗ ಜಗ್ಗಿತು, ಎಳೆದೆವು. ಕಣ್ಣು ಕೆಂಪಗೆ, ಬಾಯಿ ತೆರೆದು ಏದುಸಿರು ಬಿಡುತ್ತ ಬಂದ. ಕೈ ಖಾಲಿ.

"ಕಾಣವಲ್ದು! ಏನಂದ್ರ ಏನೂ ಕಾಣವಲ್ದು! ಎಲ್ಲಿ ಬಿದ್ದಾನಂತ ಹುಡುಕ್ಲಿ?" ಎಂದು ನೆಲಕ್ಕೆ ಕೈ ಬಡಿದ.

ಅಷ್ಟರಲ್ಲಿ ದ್ಯಾಮಣ್ಣನ ಹೆಂಡತಿ ನೀಲವ್ವ ಬಂದಳು. ಗಂಡನಿಗೆ ತಟ್ಟೆಯಂಥ ಹಿತ್ತಾಳೆಯ ಗಂಗಾಳದಲ್ಲಿ ರೊಟ್ಟಿ, ಬದನೆಕಾಯಿ ಪಲ್ಯ ಇಟ್ಟು, ಅರಿವೆ ಮುಚ್ಚಿ ತಂದಿದ್ದಳು. ಅವಳು ನಮ್ಮ ಮುಖಗಳನ್ನು ನೋಡಿದಳು, ನನ್ನ ಕೈಯಲ್ಲಿದ್ದ ಸತ್ತ ಬ್ಯಾಟರಿ ನೋಡಿದಳು, ಹಗೇವಿನ ಬಾಯಿ ನೋಡಿದಳು. ಅಳಲಿಲ್ಲ. ಕತ್ತೆತ್ತಿ ಸೂರ್ಯನನ್ನು ನೋಡಿದಳು.

ರೊಟ್ಟಿ ಪಲ್ಯವನ್ನೆಲ್ಲ ಮಣ್ಣಿಗೆ ಸುರಿದು, ಗಂಗಾಳವನ್ನು ಸೆರಗಿನಿಂದ ಗಸಗಸ ಒರೆಸಿದಳು. ಹುಣಸೆಹಣ್ಣು ಬೂದಿ ಹಾಕಿ ದಿನಾ ತಿಕ್ಕಿದ ಗಂಗಾಳ ಅದು. ಹಗೇವಿನ ಬಾಯಿಯ ಹತ್ತಿರ ಮೊಣಕಾಲೂರಿ ಅದನ್ನು ಬಿಸಿಲಿಗೆ ಹಿಡಿದು ಓರೆ ಮಾಡಿದಳು. ಬೆಳಕು ಅವಳ ಮುಖಕ್ಕೆ ಹೊಡೆಯಿತು, ಕಲ್ಲಿಗೆ ಹೊಡೆಯಿತು, ಆಮೇಲೆ ಬಾಯೊಳಗೆ ಇಳಿಯಿತು.

"ಸಾಹೇಬ್ರ, ನಿಮ್ಮ ನೆರಳು ಬೀಳಾಕತ್ತೈತಿ! ಆಚೆ ಸರೀರಿ!" ಎಂದು ಒದರಿದಳು. ಸಾಹೇಬರು ಟೋಪಿ ಹಿಡಿದುಕೊಂಡು ಹಿಂದಕ್ಕೆ ಹಾರಿದರು.

ಗಂಗಾಳವನ್ನು ಕೂದಲೆಳೆಯಷ್ಟು ಸರಿಸಿದರೆ ಒಳಗೆ ಬೆಳಕು ಒಂದು ಮಾರು ಸರಿಯುತ್ತಿತ್ತು. ಜೋಳದ ರಾಶಿ ಕಂಡಿತು. ಸನಿಕೆ ಕಂಡಿತು. ಮಗುಚಿದ ಕಂದೀಲು ಕಂಡಿತು. ಅವಳ ಕೈ ನಡುಗಿ ಎಲ್ಲವೂ ಕಲಸಿಹೋಯಿತು. ಮೌಲಾಸಾಬ್ ಅವಳ ಹಿಂದೆ ಕೂತು ಗಂಗಾಳದ ಅಂಚಿಗೆ ತನ್ನ ಕೈ ಕೊಟ್ಟ. ಬೆಳಕು ನಿಂತಿತು. ಗೋಡೆಯ ಬುಡದಲ್ಲಿ ಒಂದು ಹಿಮ್ಮಡಿ ಕಂಡಿತು.

"ಅಲ್ಲೈತಿ ಕಾಲು! ಬಸಣ್ಣಾ, ಬೆಳಕಿನ ಗುಂಟ ಹೋಗು!" ಎಂದು ನೀಲವ್ವ ಕೂಗಿದಳು.

ಬಸಣ್ಣ ಮತ್ತೆ ಇಳಿದ. ನಾನು ಹಗ್ಗ ಹಿಡಿದೆ. ಹಗ್ಗದ ಮೇಲೆ ನನ್ನ ಕೈ ಇತ್ತೇ ಹೊರತು ಜೀವವೆಲ್ಲ ಆ ಬೆಳಕಿನ ಹತ್ತಿರ ಇತ್ತು. ಇನ್ನೊಂದು ಹಗ್ಗ ಒಳಗೆ ಹೋಯಿತು, ಬಿಗಿಯಿತು, ಅಲುಗಿತು. ಮೊದಲು ದ್ಯಾಮಣ್ಣನನ್ನು, ಅವನ ಹಿಂದೆ ಬಸಣ್ಣನನ್ನು ಎಳೆದು ಹಾಕಿದೆವು. ದ್ಯಾಮಣ್ಣನ ತುಟಿ ನೀಲಿಗಟ್ಟಿತ್ತು. ಮಗ್ಗುಲಾಗಿ ಮಲಗಿಸಿದರು, ಬೆನ್ನು ತಿಕ್ಕಿದರು, ನೀರು ಎರಚಿದರು. ಏನೂ ಇಲ್ಲ. ನಾನು ನನ್ನ ಕುಲದೇವರಿಗೆ ಹರಕೆ ಹೊತ್ತೆ, ಎಷ್ಟು ಹೊತ್ತೆನೋ ಲೆಕ್ಕವಿಲ್ಲ. ಆಮೇಲೆ ಅವನ ಎದೆಯೊಳಗೆ ಗೊರಕ್ ಎಂದಿತು. ಕೆಮ್ಮಿದ. ಮತ್ತೆ ಕೆಮ್ಮಿದ. ಗಂಗಾಳ ಇನ್ನೂ ಹಿಡಿದೇ ಕೂತಿದ್ದ ನೀಲವ್ವ ಆಗ ಅದನ್ನು ಕೆಳಗಿಟ್ಟು ಹೋ ಎಂದು ಅತ್ತಳು.

ಸಾಹೇಬರ ಸಿಟ್ಟು ಮೌಲಾಸಾಬನ ಕಡೆ ತಿರುಗಿತು. "ಗಡಿಗಿ ನೋಡ್ಕೊಳ್ಳಾಂವ ನೀನ ಅಲ್ಲೇನೋ? ಮನಿಗೆ ಕಳಸ್ತೇನಿ ನಿನ್ನ!"

ಅವನು ತಲೆ ತಗ್ಗಿಸಿ ನಿಂತ. ನನ್ನ ಕಡೆ ನೋಡಲಿಲ್ಲ. ನಾನು ಹೌದು, ಒಂದು ಗಳಿಗೆ ಸುಮ್ಮನಿದ್ದೆ. ಆ ಒಂದು ಗಳಿಗೆ ಸುಮ್ಮನಿದ್ದದ್ದನ್ನು ಬರೆಯದೆ ಹೋದರೆ ಈ ಬರಹವೆಲ್ಲ ಸುಳ್ಳಾಗುತ್ತದೆ. ಆಮೇಲೆ ಹೇಳಿದೆ: "ಅಂವಲ್ರೀ. ಸೆಲ್ ತುಂಬಿದಾಂವ ನಾನು, ಮರತಾಂವನೂ ನಾನು. ಅಂವ ತಗೀತೇನಿ ಅಂದಿದ್ದ, ನಾನ ಬ್ಯಾಡಂದೆ."

ಸಾಹೇಬರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ವರದಿಯಲ್ಲಿ ಮಾತ್ರ 'ಸೆಲ್ಲುಗಳು ಹಳೆಯವಾಗಿದ್ದವು' ಎಂದು ಬರೆದು ಮುಗಿಸಿದರು. ಅವರಿಗೂ ಮೇಲಿನವರ ಅಂಜಿಕೆ ಇತ್ತಲ್ಲ. ಮರಳುವಾಗ ಚಕ್ಕಡಿಯಲ್ಲಿ ಮೌಲಾಸಾಬ್ ಎಲೆ ಅಡಿಕೆ ಮಡಿಸಿ ಒಂದು ನನಗೆ ಕೊಟ್ಟ.

ಎಂಟು ದಿನದ ಮೇಲೆ ಆ ಹಳ್ಳಿಗೆ ಒಬ್ಬನೇ ಹೋದೆ. ದ್ಯಾಮಣ್ಣ ಪಡಸಾಲೆಯಲ್ಲಿ ಗೋಡೆಗೆ ಆತುಕೊಂಡು ಅದೇ ಗಂಗಾಳದಲ್ಲಿ ನುಚ್ಚು ಮಜ್ಜಿಗೆ ಉಣ್ಣುತ್ತಿದ್ದ. ದನಿ ಇನ್ನೂ ಸಣ್ಣಗಿತ್ತು. ನನ್ನನ್ನು ನೋಡಿ, "ಬರ್ರಿ ರಾಯರ, ಕುಂಡ್ರಿ," ಎಂದ.

ನಿಂತೇ ಎಲ್ಲ ಹೇಳಿದೆ. ಪೂಜೆ, ಕುಂಕುಮ, ಗಡಿಗೆ, ಮೌಲಾಸಾಬನಿಗೆ ಗದರಿದ್ದು, ಒಂದನ್ನೂ ಬಿಡಲಿಲ್ಲ. ಸಾಹೇಬರು ಬ್ಯಾಟರಿ ಕೊಡು ಎಂದಾಗ ನಾನು ಜಿಪುಣತನ ಮಾಡಿ ತಡೆದದ್ದನ್ನೂ ಹೇಳಿದೆ.

ನೀಲವ್ವ ಬಡಿಸುತ್ತಿದ್ದ ಸೌಟನ್ನು ಗಡಿಗೆಯಲ್ಲಿ ಬಿಟ್ಟಳು. "ಉಣ್ಣೂ ಹೊತ್ತಿನಾಗ ಹೇಳೂ ಮಾತೇನ್ರಿ ಇದು?"

"ಏ, ಇರಲಿ ಬಿಡ. ಕುಂಡ್ರಾಕ ಚಾಪಿ ಹಾಕು," ಎಂದ ದ್ಯಾಮಣ್ಣ.

ಅವಳು ಹಾಕಲಿಲ್ಲ. "ನಿಮ್ಮ ದೇವರಿಗೆ ಮೂರು ಬೆಳಕ ತೋರಿಸಿ ನನ್ನ ಗಂಡಗ ಕತ್ತಲಿ ಇಟ್ರಿ. ಹೋಗಿ ಬರ್ರಿ," ಎಂದಳು. ಅವಳ ಮಾತು ಸರಿಯಾಗಿಯೇ ಇತ್ತು. ನಾನು ಕೈಮುಗಿದು ಹೊರಬಿದ್ದೆ.

ಆ ವರದಿಯ ಮೇಲೆ ನಮಗೆ ಬೇರೆ ಬ್ಯಾಟರಿ, ಸೆಲ್ಲು ಮಂಜೂರಾದವು. ಮುಂದಿನ ದಸರೆಯ ಮರುವಾರ ಹಿರೇಕೆರೂರಿನ ಸಂತೆಯಲ್ಲಿ ಬೆಲ್ಲ ನೋಡುತ್ತಿದ್ದೆ. ಹಿಂದಿನಿಂದ ಯಾರೋ ಒದರಿದರು: "ಸೆಲ್ ತಗದ್ರೇನ್ರಿ, ರಾಯರ?"

ನೀಲವ್ವ. ಸಂತೆಯವರೆಲ್ಲ ತಿರುಗಿ ನೋಡಿದರು. ನನಗೆ ನೆಲ ಬಾಯಿ ತೆರೆದರೆ ಸಾಕೆನಿಸಿತು.

"ತಗದೇನವಾ. ಈ ಸಲ ತುಂಬೇ ಇಲ್ಲ. ಖಾಲಿನ ಇಟ್ಟು ಪೂಜಾ ಮಾಡಿದೆ."

ಅವಳು ನನ್ನ ಮುಖವನ್ನೇ ನೋಡಿ, ಸೆರಗಿನ ಗಂಟಿನಿಂದ ನಾಲ್ಕು ಬನ್ನಿ ಎಲೆ ತೆಗೆದು ನನ್ನ ಕೈಯಲ್ಲಿಟ್ಟು ಹೋದಳು. ಬಂಗಾರದಂಗ ಇರೂಣು ಎನ್ನಲಿಲ್ಲ. ಅದರ ಮರುವರ್ಷ ಮತ್ತೆ ಅದೇ ಪ್ರಶ್ನೆ, ಅದೇ ದನಿ. ಆ ವರ್ಷ ಬಂಗಾರದಂಗ ಇರೂಣು ಎಂದಳು. ಆಮೇಲಾಮೇಲೆ ದಸರೆ ಬಂದರೆ ಸಂತೆಯ ಬೆಲ್ಲದ ವ್ಯಾಪಾರಿಯೇ, "ರಾಯರ, ನಿಮ್ಮ ಸಾಹೇಬ್ರು ಬರೂ ಹೊತ್ತಾತು," ಎಂದು ನಗುತ್ತಿದ್ದ. ನಾನು ಕೈ ಕೆಳಗೆ ಕೆಲಸ ಮಾಡಿದ ಯಾವ ಸಾಹೇಬರಿಗೂ ಅಷ್ಟು ಅಂಜಲಿಲ್ಲ.

ಯುದ್ಧ ಮುಗಿಯಿತು, ಸ್ವರಾಜ್ಯ ಬಂತು, ಪೇಟೆಯಲ್ಲಿ ಸೆಲ್ಲು ಮತ್ತೆ ಸಿಗತೊಡಗಿದವು. ಮೌಲಾಸಾಬ್ ನಿವೃತ್ತನಾಗಿ ಸವಣೂರಿನ ತನ್ನ ಎಲೆತೋಟಕ್ಕೆ ಹೋದ. ಆ ವರ್ಷದ ಶ್ರಾವಣದಲ್ಲಿ ದ್ಯಾಮಣ್ಣ ತೀರಿಕೊಂಡ. ಹಗೇವಿನಲ್ಲಲ್ಲ, ವಿಷಮಜ್ವರ ಬಂದು, ತನ್ನ ಮನೆಯಲ್ಲಿ, ಹೆಂಡತಿಯ ಕೈಯಿಂದ ನೀರು ಕುಡಿದು ಹೋದ. ಸುದ್ದಿ ಕೇಳಿದ ದಿನ ನಾನು ಊಟ ಮಾಡಲಿಲ್ಲ.

ದಸರೆ ಬಂತು. ಸೂತಕದ ವರ್ಷ, ಅವಳ ಮನೆಯಲ್ಲಿ ಹಬ್ಬವಿಲ್ಲ. ಈ ಸಲ ಕೇಳುವವರಿಲ್ಲ ಎಂದುಕೊಂಡೇ ಸಂತೆಗೆ ಹೋದೆ. ಬೆಲ್ಲದ ಅಂಗಡಿಯ ಮುಂದೆ ನೀಲವ್ವ ನಿಂತಿದ್ದಳು. ಬರಿ ಹಣೆ, ಕೈಯಲ್ಲಿ ಬನ್ನಿ ಇರಲಿಲ್ಲ. ಸಂತೆಯ ಚೀಲವೂ ಇರಲಿಲ್ಲ.

"ಸೆಲ್ ತಗದ್ರೇನ್ರಿ, ರಾಯರ?" ಎಂದಳು. ಈ ಸಲ ಒದರಲಿಲ್ಲ.

"ತಗದೇನವಾ... ಆದ್ರ, ನೀ ಇಷ್ಟು ದೂರ, ಇದನ್ನ ಕೇಳಾಕ..."

"ಅಂವಂತೂ ಹ್ವಾದ," ಎಂದಳು. "ಈಗ ಬಸಣ್ಣ ಇಳಿಯಾಕತ್ತಾನ್ರಿ."

ತಿರುಗಿ ಜನರ ನಡುವೆ ನಡೆದುಹೋದಳು. ನಾನು ಬೆಲ್ಲ ಕೊಳ್ಳಲಿಲ್ಲ. ನೆಟ್ಟಗೆ ಕಚೇರಿಗೆ ಹೋಗಿ, ಬೀಗ ತೆಗೆದು, ಟ್ರಂಕು ತೆರೆದು, ಮೂರೂ ಬ್ಯಾಟರಿಗಳ ಮುಚ್ಚಳ ಬಿಚ್ಚಿ ಒಳಗೆ ಬೆರಳು ಹಾಕಿ ನೋಡಿದೆ. ಬೆಳಗ್ಗೆ ನೋಡಿದ್ದೆ, ಖಾಲಿಯೇ ಇದ್ದವು. ಆಮೇಲೆ ಗಡಿಗೆಯ ಮೇಣವನ್ನೂ ಒಡೆದು, ಮರಳಿನೊಳಗಿನ ಸೆಲ್ಲುಗಳನ್ನು ಒಂದೊಂದಾಗಿ ಮುಟ್ಟಿ ಎಣಿ‌ಸಿದೆ.